ಬಣ್ಣದ ಚುಕ್ಕಿಗಳ ಹಾಳೆ

ಆ ಹಾಳೆಯಲ್ಲಿ ನನಗೆ ಯಾವ ಅಂಕಿಯೂ ಕಾಣಿಸಿರಲಿಲ್ಲ — ಆದರೂ ಕಾಣುತ್ತದೆ ಎಂದೆ. ಆಮೇಲೆ ಅದಕ್ಕಿಂತ ದೊಡ್ಡ ಸುಳ್ಳೊಂದನ್ನು ಗಿರಿಜಾ ಮೇಡಂಗೆ ಹೇಳಿದೆ. ಇಷ್ಟು ವರ್ಷ ಅದನ್ನು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಹುಟ್ಟಿನಿಂದಲೂ ನನಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯದು. ಹೆಂಡತಿಗೆ ಸೀರೆ ತರುವಾಗ ಅಂಗಡಿಯವರನ್ನೇ ಬಣ್ಣ ಕೇಳಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಬರುವ ಆಸಾಮಿ. ಅಂಥವನು ವರ್ಷವರ್ಷವೂ ವರ್ಣಾಂಧತೆಯ ಪಾಠ ಮಾಡಿದ್ದೇನೆ — ಒಮ್ಮೆಯೂ 'ಇಗೋ, ನಾನೇ ಉದಾಹರಣೆ' ಎನ್ನದೆ. ಆ ಪರೀಕ್ಷೆಯ ಹಾಳೆಗಳಲ್ಲಿ ಬಣ್ಣದ ಚುಕ್ಕಿಗಳ ನಡುವೆ ಬೇರೆ ಬಣ್ಣದ ಚುಕ್ಕಿಗಳಿಂದ ಒಂದು ಅಂಕಿ ಮೂಡಿರುತ್ತದೆ. ನನ್ನಂಥವರಿಗೆ ಚುಕ್ಕಿಗಳಷ್ಟೇ ಕಾಣುತ್ತವೆ. ವಿಭಾಗದಲ್ಲಿದ್ದ ಹಾಳೆಗಳ ಅಂಕಿಗಳನ್ನೆಲ್ಲ ನಾನು ವಿದ್ಯಾರ್ಥಿಯಾಗಿದ್ದಾಗಲೇ ಉರು ಹೊಡೆದಿದ್ದೆ. ಯಾರಾದರೂ ನಕ್ಕಾರು ಎಂಬ ಭಯ, ಅಷ್ಟೇ. ಇಷ್ಟು ಸಣ್ಣ ಭಯಕ್ಕೆ ಇಷ್ಟೆಲ್ಲ ಆಯಿತಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಗಿರಿಜಾ ಮೇಡಂ ನನಗೆ ಗುರುಗಳು, ಆಮೇಲೆ ಅದೇ ಕಾಲೇಜಿನಲ್ಲಿ ಹಿರಿಯ ಸಹೋದ್ಯೋಗಿ. ಹರಿಹರದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದರು. ಅವರ ತರಗತಿಯಲ್ಲಿ ಕೂತವರು ಪುಣ್ಯವಂತರು, ಇದನ್ನು ನಾನು ಮುಲಾಜಿಗೆ ಹೇಳುತ್ತಿಲ್ಲ. ಒಂದು ದಿನ ದೊಡ್ಡ ಚೀಲದ ತುಂಬ ಮಂಡಕ್ಕಿಯನ್ನೂ ಅಷ್ಟೇ ತೂಕದ ಒಂದು ಕಬ್ಬಿಣದ ಗುಂಡನ್ನೂ ತಂದು, ಎರಡನ್ನೂ ಎತ್ತಿ ನೋಡಿ ಎಂದರು. ಗುಂಡೇ ಭಾರ ಎಂದು ನಾವು ಪಣ ಕಟ್ಟಿದೆವು. ತಕ್ಕಡಿ ತರಿಸಿದಾಗ ಎಲ್ಲರ ಮುಖ ನೋಡಬೇಕಿತ್ತು! ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಂತೆ ಅನಿಸುವುದೇಕೆ, ಬೆಣ್ಣೆದೋಸೆ ಹೋಟೆಲಿನವನಿಗೆ ಬೆಣ್ಣೆಯ ಘಮ ತಿಳಿಯದೇ ಹೋಗುವುದೇಕೆ — ಎಲ್ಲವೂ ಅವರಿಂದಲೇ ನಮಗೆ ಅರ್ಥವಾದದ್ದು.

ಅದನ್ನೆಲ್ಲ ಸೇರಿಸಿ ಅವರು ಸಂವೇದನೆ ಮತ್ತು ಗ್ರಹಿಕೆಯ ಬಗ್ಗೆ ಕನ್ನಡದಲ್ಲೊಂದು ಪಠ್ಯಪುಸ್ತಕ ಬರೆದರು. ಅಲ್ಲಿಯವರೆಗೆ ನಮಗಿದ್ದದ್ದು ಇಂಗ್ಲಿಷಿನಿಂದ ಎತ್ತಿಟ್ಟ, ಮೂರು ಸಲ ಓದಿದರೂ ತಲೆಗೆ ಹತ್ತದ ಪುಸ್ತಕಗಳು. ಇವರದು ಆನಗೋಡಿನಿಂದ ಬರುವ ಹುಡುಗಿಯರು ಬಸ್ಸಿನಲ್ಲೇ ಓದಿ ಮುಗಿಸುವಂತಿತ್ತು. ಇದಾದ ಮೇಲೆ ಶ್ರವಣದ ಬಗ್ಗೆ ಇನ್ನೊಂದು ಪುಸ್ತಕ ಬರೆಯುವ ಉತ್ಸಾಹದಲ್ಲಿದ್ದರು.

ಪುಸ್ತಕದಲ್ಲಿ ಒಂದೇ ಒಂದು ಬಣ್ಣದ ಹಾಳೆ, ಆ ಚುಕ್ಕಿಗಳದ್ದು. ಅದರ ಪ್ರೂಫನ್ನು ಮೇಡಂ ನೋಡಿ ಒಪ್ಪಿದ್ದರು. ಆದರೆ ಮಷಿನ್ನಿಗೆ ಏರಿಸಿದ ಮೇಲೆ ಮೊದಲು ಬಂದ ಹಾಳೆಯನ್ನು ಯಾರಾದರೂ ನೋಡಿ ಹೂಂ ಅನ್ನಬೇಕು. ಆ ದಿನ ಅವರಿಗೆ ಜ್ವರ.

"ನೀನೇ ಹೋಗಿ ನೋಡಪ್ಪ, ನಾ ಬರೋದು ಬ್ಯಾಡ. ನಿನ್ನ ಕಣ್ಣಂದ್ರೆ ನನ್ನ ಕಣ್ಣಿದ್ದಂಗೆ," ಎಂದರು ಫೋನಿನಲ್ಲಿ.

ಆಗಲೇ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ...

ಪಿ.ಜೆ. ಬಡಾವಣೆಯ ಹಿಂದಿನ ಬೀದಿಯಲ್ಲಿದ್ದ ಪ್ರೆಸ್ಸಿಗೆ ಹೋದೆ. ಮಷಿನ್ನಿನವರು ಹಾಳೆ ಎತ್ತಿ ಹಿಡಿದು, "ಅಂಕಿ ಕಾಣ್ತೈತಾ ಸರ್?" ಎಂದರು. ನನಗೆ ಕಾಣಲಿಲ್ಲ — ಆದರೆ ಕಾಣದಿರುವುದೇ ನನಗೆ ರೂಢಿಯಲ್ಲವೇ? ಹಾಗಿದ್ದ ಮೇಲೆ ಹಾಳೆ ಸರಿಯಾಗಿಯೇ ಬಂದಿರಬೇಕು ಎಂದುಕೊಂಡೆ. "ಕಾಣ್ತೈತಲ್ರಿ, ಬಿಡ್ರಿ," ಎಂದೆ. ಅವರು ಮಷಿನ್ ಓಡಲು ಬಿಟ್ಟರು. ಕೆಂಪು ಶಾಯಿ ಸರಿಯಾಗಿ ಬೀಳದೆ ಚುಕ್ಕಿಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವೆಂದು ತಿಳಿದದ್ದು ಆಮೇಲೆ.

ಪುಸ್ತಕ ತರಗತಿಗೆ ಬಂದ ದಿನ ಅಂಕಿ ಒಬ್ಬರಿಗೂ ಕಾಣಲಿಲ್ಲ. ಒಬ್ಬ ಹುಡುಗಿ ಅತ್ತೇಬಿಟ್ಟಳು, ಇಬ್ಬರು ನೇರವಾಗಿ ಕಣ್ಣಿನ ಡಾಕ್ಟರ ಹತ್ತಿರ ಓಡಿದರು. ಮೇಡಂ ಪುಸ್ತಕ ಓದಿದರೆ ಊರಿಗೆ ಊರೇ ಕುರುಡಾಗುತ್ತದೆ ಎಂದು ಸ್ಟಾಫ್‌ರೂಮಿನಲ್ಲಿ ನಗೆಯೆದ್ದಿತು. ನಾನೂ ನಕ್ಕೆ. ಪಠ್ಯ ಆಯ್ಕೆ ಮಾಡುವವರು ಪುಸ್ತಕವನ್ನು ಪಟ್ಟಿಯಿಂದ ತೆಗೆದುಹಾಕಿದರು.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ನಾ ನೋಡ್ದಾಗ ಅಂಕಿ ಚೆನ್ನಾಗಿ ಕಂಡಿತ್ತಪ್ಪ. ಪ್ರೆಸ್ಸಿನಾಗೆ ಏನಾರ ಬದಲಾಗಿತ್ತಾ?"

"ಇಲ್ಲ ಮೇಡಂ. ನೀವು ನೋಡಿ ಕೊಟ್ಟ ಹಂಗೇ ಇತ್ತು."

ಇದೇ ಆ ದೊಡ್ಡ ಸುಳ್ಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. "ಹಂಗಾರೆ ನನ್ನ ಕಣ್ಣೇ ಮೋಸ ಮಾಡಿದ್ವು. ತಪ್ಪು ನಂದೇ," ಎಂದರು. ಯಾರನ್ನೂ ದೂರಲಿಲ್ಲ. ಹಾಳೆಯನ್ನು ಹೊಸದಾಗಿ ಅಚ್ಚು ಹಾಕಿಸಿ, ಹರಿಹರದ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಉಳಿದ ಪ್ರತಿಗಳಿಗೆಲ್ಲ ತಾವೇ ಅಂಟಿಸಿದರು. ನಾನು ಪಕ್ಕದಲ್ಲಿ ಕೂತು ಗೋಂದು ಹಚ್ಚಿಕೊಟ್ಟೆ. ಅವರು ಮಾಡಿಕೊಟ್ಟ ಚಹಾ ಕುಡಿದೆ. ಆಗಲೂ ಹೇಳಲಿಲ್ಲ — ಹೇಗೆ ನುಂಗಿಕೊಂಡೆನೋ!

ಶ್ರವಣದ ಪುಸ್ತಕವನ್ನು ಅವರು ಬರೆಯಲೇ ಇಲ್ಲ. ಕೇಳಿದರೆ, ಕಂಡದ್ದನ್ನೇ ಸರಿಯಾಗಿ ಕಾಣದವಳು ಇನ್ನೇನು ಬರೆಯಲಿ ಎಂದು ತೇಲಿಸಿಬಿಡುತ್ತಿದ್ದರು. ನಿವೃತ್ತರಾಗುವವರೆಗೂ ಪಾಠಕ್ಕೆ ಮಾತ್ರ ಕುಂದು ಬರಲಿಲ್ಲ. ಆದರೆ ಯಾವುದೇ ಚಿತ್ರ ತೋರಿಸಿದ ಮೇಲೆ, "ನಿಮಗೂ ಹಂಗೇ ಕಾಣ್ತೈತಲ್ಲ?" ಎಂದು ಹುಡುಗರನ್ನು ಕೇಳುವುದು ಅವರಿಗೆ ಅಭ್ಯಾಸವಾಗಿತ್ತು. ನಾನು ಕೊಟ್ಟ ಅಭ್ಯಾಸ.

ಹುಡುಗರು ಇವತ್ತಿಗೂ ಆ ಪುಸ್ತಕವನ್ನೇ ಜೆರಾಕ್ಸ್ ಮಾಡಿಸಿ ಓದುತ್ತಾರೆ. ಅದನ್ನು ಕಂಡ ಪ್ರಕಾಶಕರೊಬ್ಬರು ಮತ್ತೆ ಅಚ್ಚು ಹಾಕಲು ಮುಂದೆ ಬಂದಿದ್ದಾರೆ. ಮೇಡಂ ಫೋನ್ ಮಾಡಿದರು. "ಬಣ್ಣದ ಹಾಳೆ ನನ್ನ ಕೈಲಿ ಆಗಲ್ಲಪ್ಪ. ನೀನೇ ನೋಡಿ ಕಳಿಸಿಬಿಡು."

ಕಳಿಸಲಿಲ್ಲ. ಭಾನುವಾರ, ಪ್ರಕಾಶಕರಿಂದ ಬಂದಿದ್ದ ಹೊಸ ಹಾಳೆ ಹಿಡಿದುಕೊಂಡು ಹರಿಹರದ ಬಸ್ಸು ಹತ್ತಿದೆ. ಅವರ ಎದುರು ಕೂತು, ನನ್ನ ಕಣ್ಣಿನ ವಿಷಯ, ಪ್ರೆಸ್ಸಿನಲ್ಲಿ ಬಿಡ್ರಿ ಎಂದದ್ದು, ಆಮೇಲೆ ಆಡಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಂದ್ರೆ ಅವತ್ತು ನನ್ನ ಕಣ್ಣು ಸರಿಯಿದ್ವು."

"ಹೌದು ಮೇಡಂ."

"ಇಷ್ಟು ವರ್ಷನೂ?"

"ಇಷ್ಟು ವರ್ಷನೂ, ಮೇಡಂ."