ತಮ್ಮನ ವಿಮಾನಕ್ಕೊಂದು ರಬ್ಬರ್ ದೋಣಿ

ಗೆಳೆಯರೇ, ಇಂದು ನಮ್ಮ ಗೋಕಾಕದ ಮನೆಯಲ್ಲಿ ಸಣ್ಣ ಜಗಳವಾಯಿತು. ವಿಮಾನ ಹಾರಿಸಲು ಕಲಿತಿರುವ ತಮ್ಮ ಈರಣ್ಣ ಮುಂಬೈಯಿಂದ ಕರಾಚಿಗೆ ಪುಟ್ಟ ವಿಮಾನದಲ್ಲಿ ಒಬ್ಬನೇ ಸಮುದ್ರ ದಾಟಲಿದ್ದಾನೆ. ವಿಮಾನ ನೀರಿಗೆ ಬಿದ್ದರೆ ಬೇಕಾಗುವ ರಬ್ಬರ್ ದೋಣಿಯ ಬೆಲೆ, ಅಪ್ಪ ಈ ವರ್ಷ ಕೊಳ್ಳಬೇಕೆಂದಿದ್ದ ಜೋಡಿ ಎತ್ತಿನಷ್ಟು.

"ದೋಣಿ ಬ್ಯಾಡ. ತೇಲೋ ಅಂಗಿ ಐತಿ, ಸಾಕು," ಎಂದ ತಮ್ಮ.

"ಅದರಾಗ ಎಷ್ಟೊತ್ತು ತೇಲ್ತಿ?" ಅವ್ವ ಕೇಳಿದಳು.

"ಒಂದು ದಿನ."

"ಹಡಗು ಮರುದಿನ ಬಂದ್ರ?"

"ಎತ್ತು ಮುಂದಿನ ವರ್ಷ ತಂದರಾತು," ಎಂದು ಅಪ್ಪ ದೋಣಿ ತರಿಸಲು ಅಂಚೆ ಕಚೇರಿಗೆ ತಾರು ಕೊಡಲು ಹೊರಟರು.

ಆಮೇಲೆ ಅವ್ವ ಕರದಂಟಿನ ಡಬ್ಬಿ ತಂದಿಟ್ಟಳು.

"ವಿಮಾನಕ್ಕ ಭಾರ ಆಗ್ತೈತವ್ವಾ."

"ದೋಣ್ಯಾಗ ಕುಂತು ಏನ್ ತಿಂತಿ?"

ತಮ್ಮ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ವಿಮಾನ ಕಲಿಸಿದವರು ಇದನ್ನು ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ.