ಸಿಸ್ಟರವ್ವನ ಉಡಿ

ಇಳಕಲ್ಲಿನ ಹೊರವಲಯದಲ್ಲಿರುವ ಸಿಸ್ಟರ್ ಸಾಲೆಗೆ ದೊಡ್ಡವರು ಯಾರು ಎಂದು ಹೊಸಬರು ಯಾರಾದರೂ ಕೇಳಿದರೆ ಊರಿನವರು ನಗುತ್ತಾರೆ. "ಬೋರ್ಡಿನ ಮ್ಯಾಲ ಸಿಸ್ಟರ್ ಪಾವ್ಲಿನಾ. ಖರೆ ಕೇಳಿದ್ರ ಅಂಬವ್ವ" ಎನ್ನುತ್ತಾರೆ. ಅಂಬವ್ವ ಅಲ್ಲಿಯ ಆಯಾ. ಗಂಟೆ ಬಾರಿಸುವುದು, ಕಸ ಗುಡಿಸುವುದು, ಸಣ್ಣ ಮಕ್ಕಳ ಮೂಗು ಒರೆಸುವುದು, ಸಿಸ್ಟರುಗಳ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವುದು, ಇಷ್ಟು ಅವಳಿಗೆ ಸಾಲೆ ಕೊಟ್ಟ ಕೆಲಸ. ಯಾರೂ ಕೊಡದೆ ಅವಳೇ ಮೈಮೇಲೆ ಹಾಕಿಕೊಂಡದ್ದು ಇದರ ನಾಲ್ಕು ಪಟ್ಟು. ತಡವಾಗಿ ಬಂದ ಮಾಸ್ತರರನ್ನು ಗೇಟಿನಲ್ಲೇ ನಿಲ್ಲಿಸಿ, "ಯಾಕ್ರಿ, ಮನ್ಯಾಗ ಯಾರೂ ಎಬ್ಬಸಲಿಲ್ಲೇನು?" ಎಂದು ವಿಚಾರಣೆ ಮಾಡುತ್ತಾಳೆ. ಚರ್ಚಿನ ಫಾದರ್ ಬಂದರೂ ಮೊದಲು ಅವರ ಚಪ್ಪಲಿಯ ಕೆಸರು ನೋಡಿ, ಆಮೇಲೆ ನಮಸ್ಕಾರ ಮಾಡುತ್ತಾಳೆ. "ಅಂಬವ್ವ ಪಿಸುಮಾತಾಡಿದ್ರ ಹುನಗುಂದಕ್ಕ ಕೇಳತೈತಿ" ಎಂದು ಕನ್ನಡ ಕಲಿಸುವ ಚಂದ್ರಶೇಖರಪ್ಪ ಮಾಸ್ತರರು ಹೇಳುತ್ತಿದ್ದರು. ಅವಳು ಹತ್ತಿರ ಇಲ್ಲದಾಗ ಮಾತ್ರ.

ನೇಕಾರರ ಮನೆಯ ಸೊಸೆ ಅವಳು. ಗಂಡ ಸೀರೆ ನೇಯುತ್ತಿದ್ದವನು ಚಿಕ್ಕ ವಯಸ್ಸಿನಲ್ಲೇ ತೀರಿಹೋದ. ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ಈ ಸಾಲೆಯ ಗೇಟಿಗೆ ಬಂದವಳು ಅಲ್ಲೇ ಉಳಿದಳು. ಆ ಮಗ ಈಗ ಪವರ್‌ಲೂಮ್ ನಡೆಸುತ್ತಾನೆ, ಸೊಸೆ ಸುಮಾ ಮನೆಗೆ ಬಂದಿದ್ದಾಳೆ. "ಇನ್ನ ಮನ್ಯಾಗ ಕೂಡ್ರಬೇ" ಎಂದು ಮಗ ಅಂದರೆ, "ನಾ ಕುಂತ್ರ ಗಂಟಿ ಯಾರು ನಿಮ್ಮಪ್ಪ ಬಾರಸ್ತಾನೇನು?" ಎಂದು ಅವನ ಬಾಯಿ ಮುಚ್ಚಿಸುತ್ತಾಳೆ.

ಸಿಸ್ಟರ್ ಪಾವ್ಲಿನಾ ಹೊನ್ನಾವರದ ಕಡೆಯವರು. ಹತ್ತು ವರ್ಷಕ್ಕೂ ಹಿಂದೆ ಹೆಡ್ ಮಿಸ್ಟ್ರೆಸ್ ಆಗಿ ಬಂದಾಗ ಜೋಳದ ರೊಟ್ಟಿ ನೋಡಿ ಗಾಬರಿಯಾಗಿದ್ದರು. ರೊಟ್ಟಿ ಬಡಿಯಲು ಅಂಬವ್ವ ಕಲಿಸಿದಳು. ಸಿಸ್ಟರ್ ಮೊದಲು ಬಡಿದ ರೊಟ್ಟಿಯನ್ನು ಎಮ್ಮೆಗೆ ಹಾಕಿದರೆ ಎಮ್ಮೆಯೂ ಮುಖ ತಿರುಗಿಸಿತ್ತು. ಇಬ್ಬರಿಗೂ ದಿನಾ ಜಗಳ. ಸಿಸ್ಟರ್ ಕಿಟಕಿ ತೆರೆಯಿರಿ ಅಂದರೆ ಅಂಬವ್ವ ಧೂಳು ಬರತೈತಿ ಅನ್ನುವಳು. ಅವರು ಮುಚ್ಚಿ ಅಂದರೆ ಇವಳಿಗೆ ಉಸಿರು ಕಟ್ಟುವುದು. ಆದರೆ ಅಂಬವ್ವನ ಹೊಟ್ಟೆಯ ಆಪರೇಶನ್ ಆದಾಗ ದವಾಖಾನೆಯಲ್ಲಿ ಅವಳ ಮಂಚದ ಪಕ್ಕ ಜಪಮಾಲೆ ಹಿಡಿದು ಕೂತವರು ಸಿಸ್ಟರೇ. ಅಂದಿನಿಂದ ಅವರು 'ಸಿಸ್ಟರವ್ವ' ಆದರು. ಜಗಳ ಮಾತ್ರ ನಿಲ್ಲಲಿಲ್ಲ.

ಈ ವರ್ಷ ಪರೀಕ್ಷೆ ಮುಗಿಯುವ ಹೊತ್ತಿಗೆ ಸಿಸ್ಟರಿಗೆ ಝಾರ್ಖಂಡಕ್ಕೆ ವರ್ಗವಾಯಿತು.

"ಅದು ಬಾದಾಮಿ ಆಚೀಕ ಬರತೈತೇನ್ರಿ?" ಎಂದು ಅಂಬವ್ವ ಕೇಳಿದಳು. ಬಾದಾಮಿ ಸ್ಟೇಶನ್ನಿನಲ್ಲಿ ರೈಲು ಹತ್ತಬೇಕು ಎಂದಷ್ಟೇ ಕಿವಿಗೆ ಬಿದ್ದಿತ್ತು.

"ತುಂಬಾ ಆಚೆ ಅಂಬವ್ವ" ಎಂದರು ಸಿಸ್ಟರ್.

ಆಮೇಲೆ ಅವರು ಸ್ಟಾಫ್ ರೂಮಿಗೆ ಬಂದು ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿದರು. ಬರುವಾಗ ಒಂದು ಪೆಟ್ಟಿಗೆ ತಂದಿದ್ದೆ, ಹೋಗುವಾಗಲೂ ಒಂದೇ ಪೆಟ್ಟಿಗೆ. ಅದು ನಮ್ಮ ಸಿಸ್ಟರುಗಳ ಸಭೆಯ ನಿಯಮ. ಶಾಲು ಬೇಡ, ಹಾರ ಬೇಡ, ಗಡಿಯಾರ ಕೂಡಿಸಿದ ಫೋಟೋ ಬೇಡ. ಮೂರು ಪುಟದ ಮಾನಪತ್ರ ಬರೆದಿಟ್ಟಿದ್ದ ಚಂದ್ರಶೇಖರಪ್ಪನವರ ಮುಖ ಸಣ್ಣದಾಯಿತು. "ವರ್ಷದ ಕೊನೆಗೆ ಮಾಡುವ ಅವಲೋಕನ ಒಂದು ಸಾಕು" ಎಂದು ಸಿಸ್ಟರ್ ಮುಗಿಸಿದರು.

ಅವಲೋಕನ ಅಂದರೆ ಆ ಸಾಲೆಯ ರೂಢಿ. ಕೊನೆಯ ದಿನ ಎಲ್ಲರೂ ಸಾಲೆಯ ದೊಡ್ಡ ಹಾಲಿನಲ್ಲಿ ಸೇರಿ, ಮೇಣದಬತ್ತಿ ಹಚ್ಚಿ, ಪ್ರಾರ್ಥನೆ ಮಾಡಿ, ಮೈಕಿನ ಮುಂದೆ ಒಬ್ಬೊಬ್ಬರಾಗಿ ಈ ವರ್ಷ ಏನು ಕಲಿತೆ, ಏನು ತಪ್ಪು ಮಾಡಿದೆ ಎಂದು ಹೇಳಬೇಕು. ಮಕ್ಕಳಿಂದ ಹಿಡಿದು ಆಯಾವರೆಗೆ ಎಲ್ಲರೂ. ಅಂಬವ್ವನ ಅವಲೋಕನ ಪ್ರತಿ ವರ್ಷ ಒಂದೇ: "ನಂದೇನೂ ತಪ್ಪಿಲ್ರಿ. ಎಲ್ಲಾ ಹುಡುಗೂರದ."

ಶಾಲು ಬೇಡ ಅಂದದ್ದಕ್ಕೆ ಅಂಬವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಕೊರೆಯುತ್ತಿತ್ತು. ಮನೆಯ ಮಗಳು ದೂರದ ಊರಿಗೆ ಹೊರಟಾಗ ಉಡಿ ತುಂಬದೆ ಕಳಿಸುವವರುಂಟೇ? ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ಎಲೆ ಅಡಿಕೆ, ಕುಬಸದ ಖಣ, ಇಷ್ಟನ್ನು ಸೆರಗಿನಲ್ಲಿ ಹಾಕಿಸಿಕೊಂಡು ಹೋದರೆ ಮಗಳು ಹೋದಲ್ಲಿ ತಣ್ಣಗಿರುತ್ತಾಳೆ. ಬರಿಯ ಉಡಿಯಲ್ಲಿ ಹೋದ ಹೆಣ್ಣು ಏನು ಪಾಡು ಪಡುತ್ತಾಳೋ ಎಂದು ನೆನೆದರೆ ಅಂಬವ್ವನಿಗೆ ಊಟ ಸೇರದು.

"ಸಿಸ್ಟರಿಗೆ ಉಡಿ ಹೆಂಗ ತುಂಬತಾರಬೇ?" ಎಂದು ದಾನೇಶ್ವರಿ ಟೀಚರ್ ಕೇಳಿದಳು. "ಅವರು ಲಗ್ನಾ ಆದವ್ರೂ ಅಲ್ಲ, ಲಗ್ನಾ ಆಗೂವ್ರೂ ಅಲ್ಲ."

"ಯಾಕಲ್ಲ? ಕೈಬೆರಳಾಗ ಉಂಗುರ ಐತಿಲ್ಲೋ? ನಾ ದೇವರ ಪಾಲಾಗೇನಿ ಅಂತ ಅವರ ಹೇಳತಾರ. ಅಂದ ಮ್ಯಾಲ ದೇವರ ಗಂಡ. ದೇವರಿಗೆ ಸಾವೈತೇನು? ಸಾವಿಲ್ಲದ ಗಂಡನ ಹೇಣ್ತಿ ಎಂದಿದ್ರೂ ಮುತ್ತೈದಿ. ನಿನಗಿಂತ ಗಟ್ಟಿ ಮುತ್ತೈದಿ ಆಕಿ!"

ಚಂದ್ರಶೇಖರಪ್ಪನವರು ತಲೆದೂಗಿದರು. "ವಾದ ಭಾರಿ ಐತಿ ಅಂಬವ್ವ. ಹಂಗಿದ್ರ ನೀನ ತುಂಬು."

"ನಾ ರಂಡಿಮುಂಡಿ. ನಾ ಹೆಂಗ ತುಂಬ್ಲಿ? ದಾನೇಶ್ವರಿ ಟೀಚರ್ ತುಂಬ್ಲಿ."

"ಏ, ಶರಣರು ಇದನ್ನೆಲ್ಲಾ ಒಪ್ಪಿಲ್ಲ. ಎಲ್ಲಾರೂ ಒಂದ..." ಎಂದರು ಮಾಸ್ತರರು.

"ಹೌದೇನ್ರಿ? ಮತ್ತ ನಿಮ್ಮ ಮನ್ಯಾಗ ಗಂಡ ಸತ್ತ ನಿಮ್ಮವ್ವಗ ಉಡಿ ತುಂಬಿದ್ರೇನು ಈ ಪಂಚಮಿಗೆ?"

ಮಾಸ್ತರರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ತಿದ್ದಿ ಮುಗಿದಿದ್ದನ್ನೇ ಮತ್ತೆ ತಿದ್ದಲು ಕೂತರು. ಊರಿನ ಯಾವ ಮನೆಯಲ್ಲೇ ಆಗಲಿ ಉಡಿ ತುಂಬುವ ಹೊತ್ತಾದರೆ ಅಂಬವ್ವ ಒಲೆಯ ಮುಂದೆ ಹೋಗಿ ಕೂಡುತ್ತಾಳೆ. ಅಕ್ಕಿ ಹಸನು ಮಾಡಿಕೊಡುವುದು ಅವಳೇ, ಖಣ ಮಡಚಿ ಕೊಡುವುದೂ ಅವಳೇ. ಹೊರಗೆ ಬರುವುದಿಲ್ಲ, ಯಾರೂ ಕರೆಯುವುದೂ ಇಲ್ಲ. ಅದರ ಬಗ್ಗೆ ಅವಳು ಎಂದೂ ಅತ್ತವಳಲ್ಲ. ಜಗತ್ತಿನ ಎಲ್ಲದಕ್ಕೂ ತಕರಾರು ತೆಗೆಯುವ ಹೆಂಗಸು ಅದೊಂದಕ್ಕೆ ಮಾತ್ರ ಬಾಯಿ ತೆಗೆದಿರಲಿಲ್ಲ.

ಅವಲೋಕನ ಮಂಗಳವಾರ, ಅದು ಮುಗಿದ ಕೂಡಲೇ ಸಿಸ್ಟರ್ ಹೊರಡುವುದು ಎಂದು ನಿಶ್ಚಯವಾಗಿತ್ತು. ಮಂಗಳವಾರ ಮಗಳನ್ನು ಕಳಿಸುವುದಿಲ್ಲ ಎಂದು ಅಂಬವ್ವ ಹಟ ಹಿಡಿದಳು. ಗಂಟೆ ತಪ್ಪಾಗಿ ಬಾರಿಸಿದಳು, ಸಾರಿಗೆ ಉಪ್ಪು ಹೆಚ್ಚು ಹಾಕಿದಳು, ಕಿಟಕಿಗಳನ್ನು ಧಡಧಡ ಬಡಿದಳು. ಕೊನೆಗೆ ಸಿಸ್ಟರ್, ರೈಲಿನ ಟಿಕೆಟ್ ಬುಧವಾರಕ್ಕೇ ಸಿಕ್ಕಿತು ಎಂದು ತಿಳಿಸಿದರು. ಟಿಕೆಟ್ ಹೇಗೆ ಬದಲಾಯಿತು ಎಂದು ಯಾರೂ ಕೇಳಲಿಲ್ಲ, ಉಪ್ಪು ಮಾತ್ರ ಮಾರನೆಯ ದಿನವೇ ಸರಿಹೋಯಿತು.

ಬುಧವಾರ ಹಾಲಿನ ತುಂಬ ಜನ. ತಾಯಂದಿರೆಲ್ಲ ಇಳಕಲ್ ಸೀರೆ ಉಟ್ಟು ಬಂದಿದ್ದರು. ಮುಂದಿನ ಸಾಲಿನಲ್ಲಿ ಗುರುಲಿಂಗವ್ವ ಕೂತಿದ್ದಳು. ಆಕೆ ಮೊಮ್ಮಕ್ಕಳ ನೆಪದಲ್ಲಿ ಬರುವ ಹಿರಿಯ ಮುತ್ತೈದೆ. ಊರಿನ ರೀತಿ ರಿವಾಜಿಗೆ ಆಕೆಯೇ ಸುಪ್ರೀಂ ಕೋರ್ಟು. ಮೇಣದಬತ್ತಿ ಹಚ್ಚಿದರು, ಹಾಡು ಹೇಳಿದರು. ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು, "ಈ ವರ್ಷ ನಾನು ಸುಳ್ಳು ಹೇಳುವುದನ್ನು ಬಿಟ್ಟೆ" ಎಂದಳು. ಅವಳ ತಾಯಿ ಅಮೀನಬಿ ಕೂತಲ್ಲಿಂದಲೇ, "ಯಾವಾಗ ಬಿಟ್ಟೀಯ?" ಎಂದು ಕೂಗಿದಳು. ಗಣಿತದ ಮಾಸ್ತರರು ತಾಳ್ಮೆ ಕಲಿತೆ ಎಂದರು, ಹಿಂದಿನ ಸಾಲಿನ ಹುಡುಗರು ಮುಖ ಮುಖ ನೋಡಿಕೊಂಡರು. ಚಂದ್ರಶೇಖರಪ್ಪನವರು ಅವಲೋಕನದ ಹೆಸರಿನಲ್ಲಿ ಆ ಮೂರು ಪುಟವನ್ನೂ ಓದಿಯೇ ಬಿಟ್ಟರು.

ಕೊನೆಗೆ ಅಂಬವ್ವನನ್ನು ಕರೆದರು. ಎಲ್ಲರೂ "ನಂದೇನೂ ತಪ್ಪಿಲ್ರಿ" ಎಂದು ಅವಳಿಗಿಂತ ಮೊದಲೇ ಹೇಳಿ ನಕ್ಕರು. ಅಂಬವ್ವ ನಗಲಿಲ್ಲ. ಮೈಕನ್ನು ಪಕ್ಕಕ್ಕೆ ಸರಿಸಿದಳು.

"ಯವ್ವಗಳಿರಾ, ನಿಮ್ಮ ಮಗಳನ್ನ ಬರೇ ಉಡೀಲೆ ಮನಿ ಬಿಟ್ಟು ಕಳಸ್ತೀರೇನು?"

ಹಾಲಿನಲ್ಲಿದ್ದ ಹೆಂಗಸರೆಲ್ಲ ಒಂದೇ ಬಾಯಿಯಲ್ಲಿ, "ಇಲ್ಲಬೇ!" ಎಂದರು.

"ಮತ್ತ ಈಕಿ ಹೊಂಟಾಳ ನೋಡ್ರಿ, ಎಲ್ಲಿ ಐತೋ ಏನೋ ಆ ಊರು! ಒಂದ ಕಾಳು ಅಕ್ಕಿ ಬ್ಯಾಡಂತ!"

"ಅಂಬವ್ವ, ನಿಯಮ ಇದೆ..." ಎಂದು ಸಿಸ್ಟರ್ ಎದ್ದರು.

"ನಿಯಮ ಕಾಣಿಕಿಗೆ ರೀ. ಉಡಿ ಕಾಣಿಕಿ ಅಲ್ಲ, ಉಡಿ ಅಂದ್ರ ಉಡಿ."

ಸಿಸ್ಟರ್ ಫಾದರ್ ಕಡೆ ನೋಡಿದರು. ಫಾದರ್ ಗಂಟಲು ಸರಿಮಾಡಿಕೊಂಡು, ತಿನ್ನುವ ಪದಾರ್ಥ ಪೆಟ್ಟಿಗೆಯಲ್ಲಿ ಇಡುವ ಸಾಮಾನಲ್ಲವಾದ್ದರಿಂದ ತಮಗೇನೂ ಅಡ್ಡಿ ಕಾಣುವುದಿಲ್ಲ ಎಂದರು. ನಾಳೆಯೂ ಈ ಗೇಟಿನಿಂದ ಒಳಗೆ ಬರಬೇಕಾದವರು ಅವರು. ಸಿಸ್ಟರ್ ಸೋತು ನಕ್ಕರು.

ಅಂಬವ್ವ ಪರದೆಯ ಹಿಂದೆ ಮುಚ್ಚಿಟ್ಟಿದ್ದ ತಾಟನ್ನು ತರಿಸಿದಳು. ಅಕ್ಕಿಯ ಮೇಲೆ ಕೊಬ್ಬರಿ, ಉತ್ತತ್ತಿ, ಅರಿಶಿಣದ ಬೇರು, ಎಲೆ ಅಡಿಕೆ, ಮೇಲೆ ಗುಳೇದಗುಡ್ಡದ ಕೆಂಪು ಖಣ. ಒಂದಕ್ಕೂ ಕೊರತೆ ಇರಲಿಲ್ಲ. ತಾಟು ದಾನೇಶ್ವರಿಯ ಕೈ ಸೇರಿದ ಕೂಡಲೇ ಅಂಬವ್ವ ದೂರ ಸರಿದು ಗೋಡೆಗೆ ಒರಗಿ ನಿಂತಳು. ದಾನೇಶ್ವರಿ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು, "ಸೆರಗ ಒಡ್ಡರಿ ಸಿಸ್ಟರ್" ಎಂದಳು.

ಸಿಸ್ಟರ್ ಕೆಳಗೆ ನೋಡಿಕೊಂಡರು. ದಾನೇಶ್ವರಿಯೂ ನೋಡಿದಳು. ಹಾಲಿಗೆ ಹಾಲೇ ನೋಡಿತು. ಕುತ್ತಿಗೆಯಿಂದ ಪಾದದವರೆಗೆ ನೇರವಾಗಿ ಇಳಿದ ಬಿಳಿ ನಿಲುವಂಗಿ. ಸೆರಗೆಲ್ಲಿಂದ ಬರಬೇಕು?

ಇಷ್ಟು ವರ್ಷ ಆ ನಿಲುವಂಗಿಯನ್ನು ಒಗೆದು ಇಸ್ತ್ರಿ ಮಾಡಿದವಳು ಅಂಬವ್ವ! ವಾರ ನೋಡಿದ್ದಳು, ಮುತ್ತೈದೆತನದ ವಾದ ಗೆದ್ದಿದ್ದಳು, ಉತ್ತತ್ತಿಯನ್ನು ಒಂದೊಂದಾಗಿ ಆರಿಸಿದ್ದಳು. ಉಡಿಯೇ ಇಲ್ಲದ ಬಟ್ಟೆಯಲ್ಲಿ ಉಡಿ ತುಂಬುವುದು ಹೇಗೆಂದು ಅವಳಿಗಾಗಲಿ, ಸ್ಟಾಫ್ ರೂಮಿನ ಒಬ್ಬರಿಗಾಗಲಿ ಹೊಳೆದಿರಲಿಲ್ಲ.

"ಗಡಿಬಿಡ್ಯಾಗ ತಾಳಿ ಕಟ್ಟೂದ ಮರತ್ರಂತ" ಎಂದು ಹಿಂದಿನಿಂದ ಯಾರೋ ಅಂದರು. ಜನ ಬಿದ್ದು ಬಿದ್ದು ನಕ್ಕರು. ಸಲಹೆಗಳು ನಾಲ್ಕೂ ಕಡೆಯಿಂದ ಬಂದವು. ಚಂದ್ರಶೇಖರಪ್ಪನವರು ಹೆಗಲ ಮೇಲಿನ ಶಲ್ಯ ತೆಗೆದರು. "ಗಂಡಸರ ಶಲ್ಯೆದಾಗ ಉಡಿ ತುಂಬತಾರೇನ್ರಿ, ಬುದ್ಧಿ ಐತಿಲ್ಲೋ?" ಎಂದು ಅಂಬವ್ವ ಗೋಡೆಯ ಬಳಿಯಿಂದಲೇ ಗದರಿದಳು. ಅಮೀನಬಿ ತನ್ನ ತಲೆಯ ಮೇಲಿನ ಓಢಣಿ ಕೊಡಲು ಎದ್ದಳು. ಯಾರೋ ಮೇಜಿನ ಹಾಸನ್ನೇ ಎಳೆದು ತಂದರು, ಅದರ ತುಂಬ ಶಾಯಿಯ ಕಲೆ. ಅಂಬವ್ವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟೆಲ್ಲಾ ಮಾಡಿ ಕೊನೆಗೆ ಮಗಳನ್ನು ಬರಿಯ ಉಡಿಯಲ್ಲೇ ಕಳಿಸುವ ಹಾಗಾಯಿತಲ್ಲ!

ಸಿಸ್ಟರ್ ವೇದಿಕೆ ಇಳಿದು ಸೀದಾ ಗೋಡೆಯ ಹತ್ತಿರ ಬಂದರು.

"ಅಂಬವ್ವ, ನಿಮ್ಮ ಸೆರಗು ಕೊಡಿ."

"ನಂದ? ಏ, ಬ್ಯಾಡ್ರಿ ಯವ್ವಾ. ಯಾರದರ ತಗೋರಿ, ನಂದು ಬ್ಯಾಡ. ನಾ ಇಂಥಾದ್ರಾಗ ಬರೂದಿಲ್ರಿ."

"ಗೊತ್ತು. ಬಂದಾಗಿನಿಂದ ನೋಡುತ್ತಿದ್ದೇನೆ. ಪ್ರತಿ ಸಲ ಹೋಗಿ ಒಲೆಯ ಮುಂದೆ ಕೂರುತ್ತೀರಿ. ಕೊಡಿ."

ನಗು ನಿಂತಿತು. ಎಲ್ಲರ ಕಣ್ಣು ಗುರುಲಿಂಗವ್ವನ ಕಡೆ ತಿರುಗಿತು. ಆಕೆ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ ಸ್ವಲ್ಪ ವಿಚಾರ ಮಾಡಿದಳು.

"ಉಡಿ ಸಿಸ್ಟರದು. ಸೆರಗ ಯಾರದಾದ್ರೇನು? ಲಗೂ ಮಾಡ್ರಿ, ಆ ಹುಡುಗಿ ಬೊಗಸ್ಯಾನ ಅಕ್ಕಿ ಚೆಲ್ಲಾಕತ್ತಾವು."

ತೀರ್ಪು ಬಂದಾಯಿತು. ಸಿಸ್ಟರ್ ಅಂಬವ್ವನ ಸೆರಗಿನ ಒಂದು ತುದಿಯನ್ನು ತಮ್ಮ ಸೊಂಟಕ್ಕೆ ಹಿಡಿದುಕೊಂಡರು. ಇನ್ನೊಂದು ತುದಿ ಅಂಬವ್ವನ ಕೈಯಲ್ಲಿತ್ತು. ಇಬ್ಬರ ನಡುವೆ ದಾನೇಶ್ವರಿ ಅಕ್ಕಿ ಸುರಿದಳು, ಕೊಬ್ಬರಿ ಇಟ್ಟಳು, ಖಣ ಇಟ್ಟಳು. ಮೂಲೆಯಲ್ಲಿದ್ದ ಹೆಂಗಸರು ಕರೆಯದೆ ಎದ್ದು ಬಂದು ತಾವೂ ಒಂದೊಂದು ಹಿಡಿ ಹಾಕಿದರು. ಅಮೀನಬಿ ಹಾಕಿದಳು, ಕೊನೆಗೆ ಗುರುಲಿಂಗವ್ವನೂ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಹಾಕಿದಳು. ಸೆರಗು ಭಾರವಾಗುತ್ತ ಹೋದಂತೆ ಅಂಬವ್ವನಿಗೆ ತಡೆಯಲಾಗಲಿಲ್ಲ. ಹುನಗುಂದಕ್ಕೆ ಕೇಳುವ ಹಾಗೆ ಅತ್ತಳು.

ಸಿಸ್ಟರನ್ನು ಸ್ಟೇಶನ್ನಿಗೆ ಒಯ್ಯಲು ಬಂದಿದ್ದ ಜೀಪು ಹಾರ್ನ್ ಹೊಡೆಯಿತು. ಸೆರಗು ಅಂಬವ್ವನ ಮೈಮೇಲಿನದು, ಉಡಿ ಸಿಸ್ಟರದು. ಬಿಡುವ ಹಾಗಿಲ್ಲ, ಬಿಚ್ಚುವ ಹಾಗಿಲ್ಲ. ಇಬ್ಬರೂ ಅಡ್ಡಡ್ಡವಾಗಿ ಹೆಜ್ಜೆ ಹಾಕುತ್ತ ಗೇಟಿನವರೆಗೆ ಹಾಗೇ ಬಂದರು, "ಹಗುರಕ ನಡೀರಿ, ಚೆಲ್ಲತೈತಿ" ಎಂದು ಅಂಬವ್ವ ಅಳುತ್ತಲೇ ಗದರುತ್ತಿದ್ದಳು. ಜೀಪಿನ ಹತ್ತಿರ ಸಿಸ್ಟರ್ ಒಂದು ಚಿಟಿಕೆ ಅಕ್ಕಿ, ಒಂದು ಉತ್ತತ್ತಿ ತೆಗೆದು ನಿಲುವಂಗಿಯ ಕಿಸೆಗೆ ಹಾಕಿಕೊಂಡರು. ತಾವು ಹಿಡಿದಿದ್ದ ತುದಿಯನ್ನು ಅಂಬವ್ವನ ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿದರು.

"ಉಳಿದದ್ದು ಯಾರು ಒಯ್ತಾರ್ರಿ?" ಎಂದಳು ಅಂಬವ್ವ.

"ನನ್ನ ಪೆಟ್ಟಿಗೆ ತುಂಬಿದೆ. ನನಗೆ ಇಷ್ಟು ಸಾಕು."

ಜೀಪು ಹೋಯಿತು. ತುಂಬಿದ ಉಡಿಯನ್ನು ದಾರಿಯಲ್ಲಿ ಇಳಿಸಬಾರದು. ಅಂಬವ್ವ ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡು ಪೇಟೆಯ ನಡುವೆಯೇ ನಡೆದು ಬಂದಳು. ಅಂಗಡಿಯವರು ನೋಡಿದರು. ಅವಳು ಯಾರ ಕಡೆಯೂ ನೋಡಲಿಲ್ಲ. ಮನೆಗೆ ಬಂದು ದೇವರ ಜಗುಲಿಯ ಮುಂದೆ ಉಡಿಸಮೇತ ಬಗ್ಗಿ ನಮಸ್ಕಾರ ಮಾಡಿದಳು.

ಸೊಸೆ ಸುಮಾ ರೊಟ್ಟಿಯ ಕೈಯಲ್ಲೇ ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಅತ್ತೆಯ ಸೆರಗಿನಲ್ಲಿ ಕೆಂಪು ಖಣ ಕಾಣುತ್ತಿತ್ತು.

"ಅತ್ತೀ, ಇದೇನ್ರಿ? ನಿಮಗ ಉಡಿ ಯಾರು ತುಂಬಿದ್ರು?"

"ಯಾರಂದ್ರ? ತವರಮನಿಯವ್ರು" ಎಂದಳು ಅಂಬವ್ವ. "ಬಾಯಿ ಬಿಟ್ಟು ನೋಡಕೋತ ನಿಂತೀಯಲ್ಲ, ಅಕ್ಕಿ ಹಾಕಾಕ ಮೊರ ತಗೊಂಡು ಬಾ. ಕೈ ಸೋತಾವು."