ನೂರಕ್ಕೆ ಎಷ್ಟು ಮೊಳಕೆ

ನಮ್ಮ ಮೊಮ್ಮಗಳು ಸರೋಜಳಿಗೆ ಗುಬ್ಬಿಯಲ್ಲಿ ಲೆಕ್ಕದ ಮೇಡಂ ಕೆಲಸ ಸಿಕ್ಕಿತು. ಬೆಳಿಗ್ಗೆ ಆರ್ಡರ್ ಬಂದದ್ದೇ ತಡ, ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ನಾನು ಹೇಳದೆ ಬಿಟ್ಟ ಮನೆಯಿಲ್ಲ. ಒಂದೆರಡು ಮನೆಗೆ ಎರಡೆರಡು ಸಲ ಹೇಳಿದೆನಂತೆ. ಆಮೇಲೆ ಹಿತ್ತಲ ಅವರೆಕಾಯಿ ಸುಲಿಯುತ್ತಾ ಕೂತೆ. ಬೆರಳಿಗಂಟಿದ ಸೊಗಡಿನ ವಾಸನೆಗೇ ನೋಡಿ, ಹಳೆಯದೆಲ್ಲ ನೆನಪಾಯಿತು.

ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು, ಎಪ್ಪತ್ತರ ದಶಕದ ಕೊನೆ. ಸರೋಜ ಆಗ ಏಳನೇ ಕ್ಲಾಸು. ನಮ್ಮತ್ತೆ ಸಾಯುವಾಗ ಒಂದು ಕುಡಿಕೆ ಅವರೆಬೀಜ ನನ್ನ ಕೈಗಿಟ್ಟು, "ಇದ್ರ ತಳಿ ಕಳೀಬ್ಯಾಡ ಕಣವ್ವ" ಎಂದಿದ್ದರು. ಆ ವರ್ಷ ಕುಣಿಗಲ್ಲಿನಿಂದ ನಮ್ಮಣ್ಣನೂ ಒಂದು ಚೀಲ ಬೀಜ ಕಳಿಸಿದ. ಯಾವುದನ್ನು ಬಿತ್ತುವುದು? ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿದೆ. ಕುಡಿಕೆಯಲ್ಲಿ ಇದ್ದದ್ದೇ ಕಡಿಮೆ, ಅದರಿಂದ ಇಪ್ಪತ್ತು ಕಾಳು. ಚೀಲದಿಂದ ಧಾರಾಳವಾಗಿ ಐವತ್ತು. ಅತ್ತೆಯದು ಹದಿನಾರು ಮೊಳೆತಿತ್ತು, ಅಣ್ಣನದು ಮೂವತ್ತು. ಮೂವತ್ತೇ ದೊಡ್ಡದಲ್ಲವೇ? ಅದೂ ತವರಿನದು.

"ಹಂಗೆ ನೋಡ್ಬಾರ್ದು ಅಜ್ಜಿ. ಎರಡ್ರಲ್ಲೂ ನೂರ್ನೂರು ಕಾಳು ಹಾಕಿದ್ದೆ ಅಂದ್ಕೋ. ಮುತ್ತಜ್ಜೀದು ಎಂಬತ್ತು ಮೊಳೀತವೆ, ಕುಣಿಗಲ್ ತಾತಂದು ಅರವತ್ತೇ," ಎಂದಳು ಸರೋಜ.

"ಹಾಕದೇ ಇರೋ ಕಾಳು ಎಲ್ಲಿಂದ ಮೊಳೀತವೆ? ಸುಮ್ನಿರೇ," ಎಂದೆ. ಮೂರನೇ ಕ್ಲಾಸಿಗೇ ಸ್ಲೇಟು ಎತ್ತಿಟ್ಟವಳ ಧೈರ್ಯ ಅದು.

ರಾಗಿ ಹೊಲದ ಅವರೆ ಸಾಲಿಗೆಲ್ಲ ಅಣ್ಣನ ಬೀಜವನ್ನೇ ಹಾಕಿಸಿದೆ. ಆ ಭರದಲ್ಲಿ ಅತ್ತೆಯ ಮಾತು ಮರೆತು, ಕುಡಿಕೆಯಲ್ಲಿ ಉಳಿದದ್ದನ್ನು ನೆನೆಹಾಕಿ ಸಾರು ಮಾಡಿಬಿಟ್ಟೆ. ಹದಿನೈದು ದಿನ ಬಿಟ್ಟು ನೋಡಿದರೆ ಸಾಲುಗಳು ನನ್ನ ಈಗಿನ ಬಾಯಿಯ ಹಾಗೆ, ಅಲ್ಲೊಂದು ಇಲ್ಲೊಂದು. ಬೆಳೆ ಹೋದರೆ ಹೋಗಲಿ, ಅತ್ತೆಯ ತಳಿ ನನ್ನ ಕೈಯಲ್ಲೇ ಮುಗಿಯಿತಲ್ಲ ಎಂದು ಬದುವಿನ ಮೇಲೆ ಕೂತು ಕಣ್ಣೀರು ಹಾಕಿದೆ.

ಸರೋಜ ಕೈ ಹಿಡಿದು ಮನೆಯ ಹಿತ್ತಲಿಗೆ ಕರೆತಂದಳು. ಬೇಲಿಯುದ್ದಕ್ಕೂ ಅವರೆ ಸಸಿ. ನಾನು ನೆನೆಹಾಕುವ ಮುಂಚೆಯೇ ಒಂದು ಹಿಡಿ ಕದ್ದು ಜಾಮಿಟ್ರಿ ಬಾಕ್ಸಿನಲ್ಲಿ ಬಚ್ಚಿಟ್ಟಿದ್ದಳಂತೆ.

"ಇಪ್ಪತ್ತೈದು ಹಾಕ್ದೆ, ಇಪ್ಪತ್ತು ಬಂದವೆ. ಎಣಿಸ್ಕೋ," ಎಂದಳು. ಎಣಿಸಿದೆ, ಎರಡು ಸಲ.

ನಾನು ಇವತ್ತು ಸುಲಿದದ್ದು ಆ ಹಿಡಿಯ ವಂಶವನ್ನೇ.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಅವರೆಕಾಳು ಸಾರು. ಸರೋಜಳ ಅಪ್ಪ, ನನ್ನ ಮಗ, ಕೀಟಲೆ ತೆಗೆದ: "ಅವ್ವ, ನಿನ್ ಹಿತ್ತಲ ಕಾಯಲ್ಲಿ ಹತ್ತು ಹುಳ ಸಿಕ್ಕವು. ನಾನು ಸಂತೆಯಿಂದ ತಂದಿದ್ರಲ್ಲಿ ಆರೇ."

"ನಂದು ದೊಡ್ಡ ಮಂಕರಿ ತುಂಬ ಕಾಯಿ, ನಿಂದು ಒಂದೇ ಮೊರ. ನೂರು ಕಾಯಿಗೆ ಎಷ್ಟು ಹುಳ ಅಂತ ಹೇಳ್ಲಾ," ಎಂದೆ.

ಸರೋಜ ತುತ್ತು ನುಂಗಲಾರದೆ ನಕ್ಕಳು. ನಾನು ಅವಳ ಮುದ್ದೆಗೆ ಇನ್ನೊಂದು ಮಿಳ್ಳೆ ತುಪ್ಪ ಹುಯ್ದೆ.

"ಅಜ್ಜಿ, ಎಲ್ರಿಗೂ ಒಂದೊಂದು, ನಂಗೆ ಮಾತ್ರ ಮೂರಾಯ್ತು."

"ಗೊತ್ತು ಕಣೇ. ಉಣ್ಣು."